ಮಗುವನ್ನು ಒಪ್ಪಿಸಿ ಹೊರಗೆ ಕುಳಿತರೆ ಸಾಲದು

ಮಾನ್ಯ ಸಂಪಾದಕರೇ,

ಮಕ್ಕಳು ಮತ್ತು ಹದಿಹರೆಯದವರ ಮಾನಸಿಕ ಆರೋಗ್ಯದ ಬಗ್ಗೆ ಪತ್ರಿಕೆಗಳಲ್ಲಿ ಈಗ ಹೆಚ್ಚು ಬರಹಗಳು ಪ್ರಕಟವಾಗುತ್ತಿರುವುದು ಸ್ವಾಗತಾರ್ಹ. ಆದರೆ ಅವುಗಳಲ್ಲಿ ಬಹುಪಾಲು ತೊಂದರೆಯ ಲಕ್ಷಣಗಳನ್ನು ವಿವರಿಸಿ, ತಜ್ಞರ ಬಳಿಗೆ ಕರೆದೊಯ್ಯಿರಿ ಎಂಬ ಸಲಹೆಯೊಂದಿಗೆ ಮುಗಿದುಬಿಡುತ್ತವೆ. ಕರೆದೊಯ್ದ ಮೇಲೆ ನಡೆಯಬೇಕಾದದ್ದೇನು, ಅದರಲ್ಲಿ ಮನೆಯವರ ಪಾಲೆಷ್ಟು ಎಂಬುದು ಚರ್ಚೆಗೆ ಬರುವುದು ಅಪರೂಪ. ಕೆಟ್ಟ ಗಡಿಯಾರವನ್ನು ರಿಪೇರಿಗೆ ಕೊಟ್ಟಂತೆ ಮಗುವನ್ನು ಒಪ್ಪಿಸಿ ಹೊರಗೆ ಕಾಯುವ ಪೋಷಕರು ಅನೇಕರಿರುವುದರಿಂದ, ಮಗು ಮತ್ತು ಪೋಷಕರ ಸಂಬಂಧವನ್ನೇ ಕೇಂದ್ರವಾಗಿಟ್ಟುಕೊಂಡ ಮನೋಚಿಕಿತ್ಸೆಯ ಕುರಿತು ಈ ಪತ್ರ ಬರೆಯುತ್ತಿದ್ದೇನೆ.

ಈ ಕ್ರಮದ ಹಿಂದೆ ದಶಕಗಳ ಅಧ್ಯಯನವಿದೆ. ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಸಿದ್ಧಪಡಿಸಿದ, 1951ರಲ್ಲಿ ಪ್ರಕಟವಾದ ವರದಿಯಲ್ಲಿ, ತಾಯಿಯೊಂದಿಗೆ ಅಥವಾ ಆ ಸ್ಥಾನದಲ್ಲಿ ನಿಂತು ಸಾಕುವವರೊಂದಿಗೆ ಕಡಿಯದ, ಆಪ್ತವಾದ ನಂಟು ಮಗುವಿನ ಮಾನಸಿಕ ಆರೋಗ್ಯಕ್ಕೆ ಅತ್ಯವಶ್ಯವೆಂದು ವಾದಿಸಿದರು. ಅವರೊಂದಿಗೆ ಕೆಲಸ ಮಾಡಿದ್ದ ಮೇರಿ ಐನ್ಸ್‌ವರ್ತ್, ಪುಟ್ಟ ಮಕ್ಕಳನ್ನು ತಾಯಿಯಿಂದ ಕೆಲವೇ ನಿಮಿಷ ಅಗಲಿಸಿ ಮತ್ತೆ ಕೂಡಿಸುವ ಪ್ರಯೋಗ ನಡೆಸಿ, ಅಗಲಿದಾಗಿನ ಅಳುವಿಗಿಂತ, ತಾಯಿ ಮರಳಿದಾಗ ಮಗು ಅವಳಲ್ಲಿ ಹೇಗೆ ಸಮಾಧಾನ ಪಡೆಯುತ್ತದೆ ಎಂಬುದೇ ಆ ನಂಟಿನ ಭದ್ರತೆಯನ್ನು ಚೆನ್ನಾಗಿ ತಿಳಿಸುತ್ತದೆ ಎಂದು ಕಂಡುಕೊಂಡರು. ಒಡನಾಟ ಕೆಟ್ಟ ಮೇಲೆ ಏನಾಗುತ್ತದೆ ಎಂಬುದನ್ನು ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟ್ರಾನಿಕ್ ಇನ್ನಷ್ಟು ಹತ್ತಿರದಿಂದ ನೋಡಿದರು. ಆರೋಗ್ಯಕರ ತಾಯಿ ಮಗುವಿನ ನಡುವೆಯೂ ಹೆಚ್ಚಿನ ಹೊತ್ತು ಭಾವಗಳು ಒಂದಕ್ಕೊಂದು ಹೊಂದಿಕೊಂಡಿರುವುದಿಲ್ಲ, ತಪ್ಪಿದ ಹೊಂದಾಣಿಕೆಯನ್ನು ಮತ್ತೆ ಮತ್ತೆ ಸರಿಪಡಿಸಿಕೊಳ್ಳುವುದೇ ಮುಖ್ಯ ಎಂಬ ಅವರ ಮಾತು ಪೋಷಕರನ್ನು ಅಷ್ಟಾಗಿ ತಲುಪಿದಂತಿಲ್ಲ; ತಲುಪಿದ್ದರೆ ಎಷ್ಟೋ ಮನೆಗಳಲ್ಲಿ ಅಪರಾಧಿಭಾವ ಇಳಿದಿರುತ್ತಿತ್ತು.

ಚಿಕ್ಕ ಮಕ್ಕಳ ವಿಷಯದಲ್ಲಿ ಈ ಚಿಕಿತ್ಸೆ ಆಟದ ಮೂಲಕ ನಡೆಯುತ್ತದೆ. 1970ರ ದಶಕದಲ್ಲಿ ಅಮೆರಿಕದ ಮನೋವಿಜ್ಞಾನಿ ಶೀಲಾ ಐಬರ್ಗ್ ರೂಪಿಸಿದ ಒಂದು ಪದ್ಧತಿಯಲ್ಲಿ ಮಗುವಿನೊಂದಿಗೆ ಆಡುವವರು ಚಿಕಿತ್ಸಕರಲ್ಲ, ಪೋಷಕರೇ. ಚಿಕಿತ್ಸಕರು ಪಕ್ಕದ ಕೋಣೆಯ ಗಾಜಿನ ಹಿಂದಿನಿಂದ ನೋಡುತ್ತಾ, ಪೋಷಕರ ಕಿವಿಗೆ ಸಿಕ್ಕಿಸಿದ ಸಾಧನದ ಮೂಲಕ ಆಗಿಂದಾಗ್ಗೆ ಸೂಚನೆ ಕೊಡುತ್ತಾರೆ. ಆಟದ ಮೊದಲ ಹಂತದಲ್ಲಿ ಆಜ್ಞೆ, ಪ್ರಶ್ನೆ, ಟೀಕೆಗಳನ್ನು ಬಿಟ್ಟು ಮಗು ಮಾಡುತ್ತಿರುವುದನ್ನು ಗಮನಿಸಿ ಹೇಳುವುದು, ಒಳ್ಳೆಯದನ್ನು ನಿರ್ದಿಷ್ಟವಾಗಿ ಮೆಚ್ಚುವುದು ಅಭ್ಯಾಸವಾಗುತ್ತದೆ. ಶಿಸ್ತಿನ ಪಾಠ ಆ ಮೇಲಿನದು. ಪ್ರಶ್ನೆಯನ್ನೇ ಕೇಳದೆ ಐದು ನಿಮಿಷ ಮಗುವಿನೊಂದಿಗೆ ಕುಳಿತಿರುವುದು ಎಷ್ಟು ಕಷ್ಟವೆಂದು ಯಾರು ಬೇಕಾದರೂ ಪ್ರಯತ್ನಿಸಿ ನೋಡಬಹುದು.

ಹದಿಹರೆಯದಲ್ಲಿ ವಿಷಯ ಜಟಿಲವಾಗುತ್ತದೆ. ಖಿನ್ನತೆಯಿಂದ, ಸಾಯುವ ಯೋಚನೆಯಿಂದ ಬಳಲುವ ಮಕ್ಕಳಿಗಾಗಿ ಅಮೆರಿಕದ ಮನೋವಿಜ್ಞಾನಿ ಗೈ ಡೈಮಂಡ್ ಮತ್ತು ಸಹೋದ್ಯೋಗಿಗಳು ಬೆಳೆಸಿದ ಕುಟುಂಬ ಚಿಕಿತ್ಸೆಯಲ್ಲಿ ಆರಂಭಕ್ಕೇ ಬರುವ ಪ್ರಶ್ನೆಯೆಂದರೆ, ಇಷ್ಟು ನೋವಿರುವಾಗಲೂ ನೀನು ಅಪ್ಪ ಅಮ್ಮನ ಬಳಿಗೆ ಹೋಗದಂತೆ ತಡೆಯುತ್ತಿರುವುದು ಯಾವುದು ಎಂಬುದು. ಬಳಿಕ ಮಗುವಿನೊಂದಿಗೆ ಬೇರೆಯಾಗಿ, ಪೋಷಕರೊಂದಿಗೆ ಬೇರೆಯಾಗಿ ಮಾತನಾಡಿ ಸಿದ್ಧಗೊಳಿಸಿದ ನಂತರವಷ್ಟೇ ಎರಡೂ ಕಡೆಯವರನ್ನು ಎದುರುಬದುರು ಕೂರಿಸುತ್ತಾರೆ. ಆ ದಿನ ಪೋಷಕರು ಸಮರ್ಥನೆಗಿಳಿಯದೆ ಕೇಳಿಸಿಕೊಂಡರೆ ಬಹಳಷ್ಟು ಕೆಲಸ ಆದಂತೆ. ಇದರ ಜೊತೆಗೇ, ಹದಿಹರೆಯದವರು ಒಂಟಿಯಾಗಿ ಹೇಳಿಕೊಂಡದ್ದು ಗೋಪ್ಯವಾಗಿ ಉಳಿಯಬೇಕು. ಪ್ರಾಣಾಪಾಯ ಅಥವಾ ದೌರ್ಜನ್ಯದಂತಹ ಸಂದರ್ಭದಲ್ಲಿ ಮಾತ್ರ ಗೋಪ್ಯತೆಗೆ ಮಿತಿಯುಂಟೆಂದು ಮೊದಲ ದಿನವೇ ಎಲ್ಲರಿಗೂ ತಿಳಿಸಬೇಕು. ಹೊರಬಂದ ಕೂಡಲೇ “ಒಳಗೆ ಏನು ಹೇಳಿದೆ?” ಎಂದು ವಿಚಾರಣೆ ಶುರುಮಾಡುವ ಹಿರಿಯರು ಚಿಕಿತ್ಸೆಯ ಬುಡವನ್ನೇ ಅಲುಗಾಡಿಸುತ್ತಿರುತ್ತಾರೆ. ವಯಸ್ಕರಾದ ಯುವಜನರ ವಿಷಯದಲ್ಲಂತೂ ಪೋಷಕರು ಒಳಗೆ ಬರಬೇಕೇ ಬೇಡವೇ ಎಂಬುದು ಅವರ ಒಪ್ಪಿಗೆಗೆ ಬಿಟ್ಟದ್ದು.

ಸಂಬಂಧದ ಮಾತು ಬಂದೊಡನೆ ದೂರನ್ನು ತಾಯಿಯ ತಲೆಗೆ ಕಟ್ಟುವ ಅಪಾಯವೂ ಇದೆ. ಕಳೆದ ಶತಮಾನದ ನಡುವಿನಲ್ಲಿ ಆಟಿಸಂಗೆ ತಾಯಂದಿರ ತಣ್ಣನೆಯ ವರ್ತನೆಯೇ ಕಾರಣವೆಂದು ವೈದ್ಯರೇ ನಂಬಿ, ಅನೇಕ ಕುಟುಂಬಗಳನ್ನು ಗೋಳುಹೊಯ್ದುಕೊಂಡರು. ಅದು ಸಂಪೂರ್ಣ ತಪ್ಪೆಂದು ಆಮೇಲೆ ಸಾಬೀತಾಯಿತು. ಹಾಗೆಯೇ, ಎಲ್ಲಕ್ಕೂ ಸಂಬಂಧದ ಚಿಕಿತ್ಸೆಯೊಂದೇ ಸಾಲದು; ಗೀಳು ರೋಗದಂತಹ ತೊಂದರೆಗಳಿಗೆ ಅದಕ್ಕೆಂದೇ ಇರುವ ವರ್ತನಾ ಚಿಕಿತ್ಸೆ ಬೇಕು, ಕೆಲವೊಮ್ಮೆ ಔಷಧವೂ ಬೇಕು. ಮನೆಯಲ್ಲೇ ಹಿಂಸೆ ಅನುಭವಿಸುತ್ತಿರುವ ಮಗುವನ್ನು ಹಿಂಸಿಸಿದವರ ಜೊತೆ ಒಂದೇ ಕೋಣೆಯಲ್ಲಿ ಕೂರಿಸುವುದು ಚಿಕಿತ್ಸೆಯೇ ಅಲ್ಲ.

ಶಾಲೆ, ಕಾಲೇಜು ಮತ್ತು ಚಿಕಿತ್ಸಾ ಕೇಂದ್ರಗಳನ್ನು ನಡೆಸುವವರಲ್ಲಿ ನನ್ನ ಮನವಿ ಇಷ್ಟು. ಆಪ್ತಸಮಾಲೋಚಕರನ್ನು ಪದೇ ಪದೇ ಬದಲಿಸಬೇಡಿ; ಪ್ರತಿ ಬದಲಾವಣೆಗೂ ಮಗು ತನ್ನ ಕಥೆಯನ್ನು ಅಪರಿಚಿತರ ಮುಂದೆ ಮೊದಲಿನಿಂದ ಹೇಳಬೇಕಾಗುತ್ತದೆ. ಬದಲಿಸುವುದು ಅನಿವಾರ್ಯವಾದರೆ ಕೆಲವು ವಾರ ಮುಂಚಿತವಾಗಿ ತಿಳಿಸಿ, ಬೀಳ್ಕೊಡಲು ಅವಕಾಶ ಕೊಡಿ, ಹೊಸಬರ ಪರಿಚಯವನ್ನು ಹಳಬರೇ ಮಾಡಿಕೊಡುವಂತೆ ನೋಡಿಕೊಳ್ಳಿ. ಪೋಷಕರೊಂದಿಗಿನ ಭೇಟಿಯನ್ನೂ ಸಮಾಲೋಚಕರ ಕೆಲಸದ ಅವಧಿಯಲ್ಲೇ ಲೆಕ್ಕಕ್ಕೆ ಹಿಡಿಯಿರಿ.

ಇತಿ,
ತಮ್ಮ ಓದುಗ