ಕೂಪನ್ ಕೊಟ್ಟರೆ ಸಾಕೇ?

ಮಾನ್ಯರೇ,

ಮಗಳ ಮನೆಗೆ ಹೋದಾಗ ಮಯಾಮಿಯಿಂದ ನಾಲ್ಕು ದಿನ ಹಡಗಿನಲ್ಲಿ ಸುತ್ತಿದೆವು. ಕೊನೆಯ ದಿನ ಬಿಲ್ ನೋಡಿದರೆ, ತಲೆಗೆ ದಿನಕ್ಕಿಷ್ಟು ಎಂದು ಟಿಪ್ಸ್! ಕಾಫಿಗೂ ಸೇವಾಶುಲ್ಕ. ನಮ್ಮವರು ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದರು.

ಅಮೆರಿಕದಲ್ಲಿ ಹಡಗು ಕಂಪನಿಗಳ ಇಂಥ ಹೆಚ್ಚುವರಿ ಶುಲ್ಕ ಹಳೇ ಜಗಳವಂತೆ. ಬಂದರು ಶುಲ್ಕವೆಂದು ವಸೂಲಿ ಮಾಡಿದ ದುಡ್ಡಲ್ಲಿ ಒಂದು ಪಾಲನ್ನು ಕಂಪನಿಗಳೇ ಇಟ್ಟುಕೊಂಡಿವೆ ಎಂದು 1990ರ ದಶಕದಲ್ಲೇ ಪ್ರಯಾಣಿಕರು ಕೋರ್ಟಿಗೆ ಹೋಗಿದ್ದರು. ಹಲವರಿಗೆ ಸಿಕ್ಕಿದ್ದು ಮುಂದಿನ ಪ್ರವಾಸಕ್ಕೆ ರಿಯಾಯಿತಿ ಕೂಪನ್. ಅಂದ್ರೆ ಮತ್ತೆ ಹಡಗು ಹತ್ತಬೇಕು, ಅಲ್ವಾ? 2024ರ ಜುಲೈನಿಂದ ಕ್ಯಾಲಿಫೋರ್ನಿಯಾದಲ್ಲಿ ಸರ್ಕಾರಿ ತೆರಿಗೆ ಬಿಟ್ಟು ಉಳಿದ ಕಡ್ಡಾಯ ಶುಲ್ಕವನ್ನೆಲ್ಲ ಮೊದಲೇ ಬೆಲೆಯಲ್ಲಿ ಸೇರಿಸಿ ತೋರಿಸಬೇಕು. ನಮ್ಮಲ್ಲೂ ಆನ್‌ಲೈನ್ ಮಾರಾಟದಲ್ಲಿ ಹೀಗೆ ಬೆಲೆಯ ಒಂದು ಭಾಗ ಬಚ್ಚಿಡುವುದನ್ನು ಕೇಂದ್ರದ 2023ರ ಗ್ರಾಹಕ ರಕ್ಷಣೆ ಮಾರ್ಗಸೂಚಿ ನಿಷೇಧಿಸಿದೆ. ಮುಂಬೈನಲ್ಲಿ ಹಡಗು ಹತ್ತುವವರು ದುಡ್ಡು ಕಟ್ಟುವ ಮೊದಲು ಪೂರ್ತಿ ಲೆಕ್ಕ ಕೇಳಿ.

– ನಿವೃತ್ತ ಶಿಕ್ಷಕಿ, ಮೈಸೂರು