ಪುಟ್ಟಿ ಸೂಲಗಿತ್ತಿ ಆಗ್ತೀನಿ ಅಂದಿದ್ದಕ್ಕೆ

ಅಕ್ಕಾ,

ನಿನ್ನೆ ಫೋನಲ್ಲಿ ನೀನು ಅರ್ಧಕ್ಕೇ ಮಾತು ನಿಲ್ಸಿದ್ದು ಗೊತ್ತಾಯ್ತು, ಪಕ್ಕದಲ್ಲಿ ಪುಟ್ಟಿ ಇದ್ಲು ಅನ್ಸುತ್ತೆ. ಅದಕ್ಕೇ ಬರೀತಿದೀನಿ. ನೈಟ್ ಶಿಫ್ಟ್ ಮುಗಿಸಿ ಈಗಷ್ಟೇ ಬಂದೆ, ಹನ್ನೆರಡೂವರೆ ಗಂಟೆ ಓಡಾಡಿದ ಕಾಲು ಇನ್ನೂ ಜುಂ ಅಂತಿದೆ, ತಪ್ಪಿದ್ರೆ ತಿದ್ಕೊಂಡು ಓದು.

ಅವಳು ಮಿಡ್‌ವೈಫ್ ಆಗ್ತೀನಿ ಅಂದಿದ್ದಕ್ಕೆ ಭಾವ "ಇಷ್ಟು ಓದ್ಸಿದ್ದು ಸೂಲಗಿತ್ತಿ ಆಗೋಕಾ" ಅಂದ್ರಂತೆ. ಸೂಲಗಿತ್ತಿ ಅನ್ನೋದು ಯಾವಾಗಿಂದ ಬೈಗುಳ ಆಯ್ತೋ. ಪಾವಗಡದ ಕಡೆಯ ನರಸಮ್ಮ ದುಡ್ಡೇ ಮುಟ್ಟದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡ್ಸಿದ್ರು, 2018ರಲ್ಲಿ ಪದ್ಮಶ್ರೀ ಬಂತು, ಆಗ್ಲೂ ಪೇಪರ್ನೋರು ಬರ್ದಿದ್ದು ಸೂಲಗಿತ್ತಿ ನರಸಮ್ಮ ಅಂತಾನೇ. ಇದನ್ನ ಭಾವಂಗೆ ನೀನೇ ಹೇಳು, ನಾನು ಹೇಳಿದ್ರೆ ಜಗಳ ಆಗುತ್ತೆ.

ಹಾಗಂತ ಪುಟ್ಟಿನ ಹುರಿದುಂಬಿಸೋಕೂ ನಾನು ಬರೀತಿಲ್ಲ. ಜಿಎನ್‌ಎಂ ಅನ್ನೋ ನರ್ಸಿಂಗ್ ಡಿಪ್ಲೊಮಾ ಮುಗಿಸಿ ಅಲ್ಲಿ ಇಂಡಿಯಾದಲ್ಲೇ ಮೂರು ವರ್ಷ ಲೇಬರ್ ವಾರ್ಡಲ್ಲಿ ಇದ್ದೆನಲ್ಲ, ಹೆರಿಗೆ ಅಂದ್ರೆ ನಂಗೆಲ್ಲ ಗೊತ್ತು ಅನ್ಕೊಂಡಿದ್ದೆ. ಗೊತ್ತಿದ್ದಿದ್ದು ಗದರೋದು ಅಷ್ಟೇ. "ಮುಕ್ಕಮ್ಮ, ಇನ್ನೂ ಜೋರಾಗಿ ಮುಕ್ಕು, ಕಿರುಚ್ಬೇಡ." ಆ ಹೆಂಗಸ್ರ ಮುಖ ಈಗ್ಲೂ ಒಂದೊಂದ್ಸಲ ನೆನಪಾಗುತ್ತೆ, ಹೆಸರು ಒಂದೂ ನೆನಪಿಲ್ಲ.

ಇಂಗ್ಲೆಂಡಿಗೆ ನರ್ಸ್ ಆಗಿ ಬಂದು, ಆಮೇಲೆ ಈ ಮಿಡ್‌ವೈಫ್ ಕೋರ್ಸ್ ಸೇರಿದ ಹೊಸದ್ರಲ್ಲಿ ನನ್ನ ಸೀನಿಯರ್ ಮಿಡ್‌ವೈಫ್ ಒಂದು ರಾತ್ರಿ ಕುರ್ಚಿ ತೋರ್ಸಿ ಕೂತ್ಕೋ ಅಂದ್ರು. ನಾಲ್ಕು ಗಂಟೆ ಕೂತೆ. ಕೆಲ್ಸ ಏನಂದ್ರೆ ಹದಿನೈದು ನಿಮಿಷಕ್ಕೊಂದ್ಸಲ, ನೋವು ಬಂದು ಹೋದ ತಕ್ಷಣ, ಪೂರ್ತಿ ಒಂದು ನಿಮಿಷ ಮಗುವಿನ ಎದೆಬಡಿತ ಕೇಳೋದು, ಜೊತೆಗೆ ತಾಯಿ ನಾಡಿನೂ ಹಿಡ್ಕೊಂಡಿರೋದು, ಇಲ್ಲಾಂದ್ರೆ ತಾಯೀದನ್ನೇ ಮಗೂದು ಅಂತ ಎಣಿಸಿಬಿಡ್ತೀವಿ. 110ರಿಂದ 160 ಇದ್ರೆ ಬರ್ಕೊಂಡು ಮತ್ತೆ ಸುಮ್ನೆ. ಸುಮ್ನೆ ಕೂರೋದು ಕಲಿಯೋಕೆ ಇಷ್ಟು ದೂರ ಬಂದ್ನಾ ಅನ್ನಿಸ್ತು. ಬೆಳಗಿನ ಜಾವ ಬಡಿತ ಇಳೀತು, 90, ಮೇಲಕ್ಕೇ ಬರ್ಲಿಲ್ಲ, ನಾನಿನ್ನೂ ಎಣಿಸ್ತಾ ಇದೀನಿ ಅವ್ರು ಆಗ್ಲೇ ಬೆಲ್ ಒತ್ತಿ ಆಗಿತ್ತು, ಆ ಹೆಂಗಸನ್ನ ಎಡಮಗ್ಗುಲಿಗೆ ತಿರುಗ್ಸಿ ಆಗಿತ್ತು, ಡಾಕ್ಟರು ಬಾಗಿಲಲ್ಲಿದ್ರು. ಮಗು ಚೆನ್ನಾಗಿದೆ. ಆ ನಾಲ್ಕು ಗಂಟೆ ಅವ್ರು ಸುಮ್ನೆ ಕೂತಿರ್ಲಿಲ್ಲ ಅಂತ ನಂಗೆ ಆಮೇಲೆ ತಿಳೀತು.

ಒಂದು ಮಾನ ಹೋದ ಕಥೆನೂ ಹೇಳ್ಬಿಡ್ತೀನಿ. 36 ವಾರದ ಬಸುರಿ, ಹೊಟ್ಟೆ ಮುಟ್ಟಿ ನೋಡಿ ಮಗು ತಲೆ ಕೆಳಗೇ ಇದೆ ಅಂತ ಧೈರ್ಯವಾಗಿ ಹೇಳ್ದೆ. ಸ್ಕ್ಯಾನ್ ಮಾಡಿದ್ರೆ ಅದು ಅಂಡು! ತಲೆ ಗಟ್ಟಿಯಾಗಿ ದುಂಡಗಿರುತ್ತೆ, ಎರಡು ಕೈ ಮಧ್ಯೆ ತಟ್ಟಿದ್ರೆ ಅದೊಂದೇ ಆ ಕಡೆ ಈ ಕಡೆ ಆಡುತ್ತೆ, ಅಂಡು ಮೆತ್ತಗೆ, ಅಲ್ಲಾಡಿಸಿದ್ರೆ ಇಡೀ ಮೈ ಜೊತೆಗೆ ಬರುತ್ತೆ, ಇದು ಪುಸ್ತಕದಲ್ಲಿ ಓದಿದ್ದೆ, ಬೆರಳಿಗೆ ಗೊತ್ತಿರ್ಲಿಲ್ಲ. ಪುಣ್ಯಕ್ಕೆ ಆಕೆ ನಕ್ಕುಬಿಟ್ಲು. ಕೋರ್ಸ್ ಮುಗಿಯೋಷ್ಟರಲ್ಲಿ 40 ಹೆರಿಗೆ ನಾವೇ ಕೈಯಾರೆ ಮಾಡಿಸಿರ್ಬೇಕು ಅನ್ನೋದು ಅದಕ್ಕೇ. ನಂದು 23 ಆಗಿದೆ.

ಹುಟ್ಟಿದ ಮಗು ಪ್ರತಿ ಸಲನೂ ಅಳಲ್ಲ ಅಕ್ಕ. ಹೋದ ತಿಂಗಳು ಒಂದು ಮಗುವಿನ ಪಾದಕ್ಕೆ ಇಂಕ್ ಹಚ್ಚಿ ಕಾರ್ಡ್ ಮೇಲೆ ಅಚ್ಚು ತೆಗ್ದೆ, ತಾಯಿಗೆ ಕೊಡೋಕೆ. ನನ್ನ ಹೆಬ್ಬೆರಳಿಗಿಂತ ಸ್ವಲ್ಪ ಉದ್ದ ಇತ್ತು ಪಾದ. ಅದೂ ನಮ್ಮ ಕೆಲ್ಸನೇ. ಪುಟ್ಟಿಗೆ ಇದನ್ನ ಮುಚ್ಚಿಡ್ಬೇಡ, ಅವಳೇನು ಚಿಕ್ಕವಳಲ್ಲ.

ಪುಟ್ಟಿಗೆ ದಾರಿ ಯಾವುದು ಅಂತ ನೀನು ಕೇಳಿದ್ದೆ. ಇಲ್ಲಿ ಪಿಯುಸಿ ಥರದ್ದು ಮುಗಿಸಿ ನೇರ ಮೂರು ವರ್ಷದ ಮಿಡ್‌ವೈಫರಿ ಡಿಗ್ರಿ ಮಾಡ್ಬೋದು, ಆದ್ರೆ ಹೊರದೇಶದೋರಿಗೆ ಫೀಸು ವಿಪರೀತ, ಆ ಆಸೆ ಈಗ್ಲೇ ಬೇಡ. ಅಲ್ಲೇ ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷ ಮಾಡ್ಲಿ, ಕೆಲ್ಸ ಮಾಡಿ ಅನುಭವ ಆದ್ಮೇಲೆ ನರ್ಸ್ ಪ್ರಾಕ್ಟೀಶನರ್ ಇನ್ ಮಿಡ್‌ವೈಫರಿ ಅಂತ 18 ತಿಂಗಳ ಟ್ರೈನಿಂಗ್ ಇದೆ, ಕೇಂದ್ರ ಸರ್ಕಾರ 2018ರಲ್ಲಿ ಗೈಡ್‌ಲೈನ್ಸ್ ತಂದ್ಮೇಲೆ ದೇಶದಲ್ಲಿ ಹರಡ್ತಿರೋದು. ನಮ್ಮ ಕಾಲದಲ್ಲಿ ಇದಿದ್ರೆ ನಾನಿಲ್ಲಿಗೆ ಬರ್ತಾನೇ ಇರ್ಲಿಲ್ವೇನೋ. ಡಾಕ್ಟರ್ ಸೀಟ್ ಸಿಗ್ದಿದ್ರೆ ಇದು ಅನ್ನೋ ಲೆಕ್ಕ ಮಾತ್ರ ಭಾವ ಹಾಕ್ಬಾರ್ದು, ಸಿಸೇರಿಯನ್ ಬೇಕಾದಾಗ ಡಾಕ್ಟರೇ ಬೇಕು, ಬೇಡದೇ ಇದ್ದಾಗ ಬೇಡ ಅಂತ ಗುರುತಿಸೋದು ಬೇರೆ ವಿದ್ಯೆ.

ಭಾನುವಾರ ನಂಗೆ ರಜೆ. ಪುಟ್ಟಿ ಹತ್ರ ಫೋನ್ ಮಾಡ್ಸು. ನೀನು ಪಕ್ಕದಲ್ಲಿ ಕೂರ್ಬೇಡ.

ನಿನ್ನ ತಂಗಿ