ಬೀಗ ನಾವು ತರುತ್ತೇವೆ, ಕಂಬಿ ನೀವು ಹಾಕಿಸಿ

ಮಾನ್ಯ ಶಾಸಕರಿಗೆ ನಮಸ್ಕಾರ.

ಕಳೆದ ತಿಂಗಳು ನನ್ನ ಕಯಾಕ್, ಅಂದರೆ ಒಬ್ಬನೇ ಕುಳಿತು ಹುಟ್ಟು ಹಾಕುವ ಸಣ್ಣ ದೋಣಿ, ಕಳುವಾಯಿತು. ಬೀಗ ಹಾಕಿರಲಿಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಹಾಕಿದ್ದೆ. ನದಿ ದಡದಲ್ಲಿರುವ ಒಂದೇ ಒಂದು ಮರಕ್ಕೆ ಸ್ಟೀಲ್ ಕೇಬಲ್ ಸುತ್ತಿ, ಕಯಾಕಿನ ಮುಂದಿನ ಹಿಡಿಯೊಳಗೆ ತೂರಿಸಿ, ಬೀಗ ಜಡಿದು ಗಾಡಿ ತರಲು ಹೋದೆ. ಕಾಲು ಗಂಟೆ ಆಗಿರಬಹುದು. ವಾಪಸ್ ಬಂದಾಗ ಮರ ಇತ್ತು, ಕೇಬಲ್ ಇತ್ತು, ಬೀಗವೂ ಹಾಕಿದ ಹಾಗೇ ಇತ್ತು. ಕೇಬಲ್ಲಿನಲ್ಲಿ ಆ ಹಿಡಿ ಜೋತಾಡುತ್ತಿತ್ತು. ಕೆಳಗೆ ಮಣ್ಣಿನಲ್ಲಿ ಎರಡು ಸ್ಕ್ರೂ ಬಿದ್ದಿದ್ದವು. ಕಯಾಕ್ ಮಾತ್ರ ಇರಲಿಲ್ಲ.

ಕಳ್ಳನಿಗೆ ಬೇಕಾಗಿದ್ದು ಒಂದು ಸ್ಕ್ರೂಡ್ರೈವರ್ ಅಷ್ಟೇ. ಕಯಾಕನ್ನು ಹೊತ್ತುಕೊಂಡು ಹೋಗುವ ಕಷ್ಟವೂ ಅವನಿಗಿರಲಿಲ್ಲ. ಹುಟ್ಟನ್ನು ನಾನು ಒಳಗೇ ಬಿಟ್ಟಿದ್ದೆ. ಆರಾಮಾಗಿ ಕುಳಿತು ಹುಟ್ಟು ಹಾಕಿಕೊಂಡು ಹೋಗಿರಬೇಕು. ಎರಡು ಗಾಳದ ರಾಡ್, ದಾರ ಸುತ್ತುವ ರೀಲ್, ನೀರಿನಡಿ ಮೀನು ಎಲ್ಲಿದೆ ಅಂತ ತೋರಿಸುವ ಫಿಶ್ ಫೈಂಡರ್ ಎಲ್ಲವೂ ಜೊತೆಗೇ ಹೋದವು.

ಇದರಲ್ಲಿ ನನ್ನ ತಪ್ಪು ಇದೆ, ಒಪ್ಪುತ್ತೇನೆ. ಹಿಡಿಗೆ ಬೀಗ ಹಾಕಬಾರದು. ಮೇಲೆ ಕುಳಿತು ನಡೆಸುವ ಕಯಾಕುಗಳ ತಳದಲ್ಲಿ ನೀರು ಬಸಿದು ಹೋಗಲೆಂದು ತೂತುಗಳಿರುತ್ತವೆ. ಒಂದು ತೂತಿನಲ್ಲಿ ಸರಪಳಿ ಇಳಿಸಿ ಇನ್ನೊಂದರಲ್ಲಿ ಮೇಲೆ ತಂದು ಬೀಗ ಹಾಕಿದರೆ, ಬಿಚ್ಚಲು ಸ್ಕ್ರೂ ಅನ್ನುವುದೇ ಇರುವುದಿಲ್ಲ. ಸರಪಳಿ ಕತ್ತರಿಸಬೇಕು, ಇಲ್ಲವೇ ಕಯಾಕನ್ನೇ ಕೊಯ್ಯಬೇಕು. ಕೊಯ್ದ ಕಯಾಕನ್ನು ಯಾರು ಕೊಳ್ಳುತ್ತಾರೆ? ನನಗೂ ಇದು ಗೊತ್ತಿತ್ತು. ಆದರೆ ಆ ಮರ ಇರುವುದು ಇಳಿಜಾರಿನ ಮೇಲೆ. ತಳದ ತೂತಿನಿಂದ ಅಲ್ಲಿಯವರೆಗೆ ನನ್ನ ಕೇಬಲ್ ಮುಟ್ಟುವುದಿಲ್ಲ. ಮೀನು ಹಿಡಿಯುವ ಕಯಾಕ್ ಅಂದರೆ 3ರಿಂದ 4 ಮೀಟರ್ ಉದ್ದ, 30–40 ಕೆಜಿ ತೂಕ. ಒಬ್ಬನೇ ಅದನ್ನು ಎತ್ತಿಕೊಂಡು ದಿಣ್ಣೆ ಹತ್ತಲು ಆಗದು. ಗಾಡಿ ತರುವವರೆಗೆ ಅದು ನೀರಿನ ಪಕ್ಕದಲ್ಲೇ ಬಿದ್ದಿರಬೇಕು. ಆ ಕಾಲು ಗಂಟೆಯ ಬಗ್ಗೆಯೇ ಈ ಪತ್ರ.

ನಾನು ಕೇಳುತ್ತಿರುವುದು ಒಂದು ಕಬ್ಬಿಣದ ಕಂಬಿ. ದೋಣಿ ಇಳಿಸುವ ಜಾಗದ ಪಕ್ಕದಲ್ಲೇ, ಮೊಣಕಾಲೆತ್ತರಕ್ಕೆ, ಎರಡೂ ತುದಿ ಕಾಂಕ್ರೀಟಿನಲ್ಲಿ ಹೂತಿರಬೇಕು. ನಟ್ಟು ಬೋಲ್ಟು ಬೇಡ, ವೆಲ್ಡಿಂಗ್ ಮಾಡಿಸಿ. ಬೋಲ್ಟಿನ ಕಥೆ ಏನಾಗುತ್ತದೆ ಅಂತ ಮೇಲೆ ಹೇಳಿದೆನಲ್ಲ. ಜೊತೆಗೆ ಒಂದು ದೀಪ. ಕ್ಯಾಮೆರಾ ಕೇಳುತ್ತಿಲ್ಲ. ಟೋಪಿ ಹಾಕಿಕೊಂಡವನ ಬೆನ್ನಿನ ವಿಡಿಯೋ ಇಟ್ಟುಕೊಂಡು ನಾನೇನು ಮಾಡಲಿ?

ಇನ್ನು ದೂರಿನ ವಿಷಯ. ಠಾಣೆಗೆ ಹೋದೆ. ಅಲ್ಲಿದ್ದವರು ಮರ್ಯಾದೆಯಿಂದಲೇ ಮಾತಾಡಿಸಿದರು. "ನಂಬರ್ ಏನು?" ಅಂದರು. ನನಗೆ ಗೊತ್ತಿರಲಿಲ್ಲ. "ನೀಲಿ ಬಣ್ಣ, ಮೂತಿಯ ಹತ್ತಿರ ಒಂದು ಗೀರು" ಅಂದೆ. "ನೀಲಿ ದೋಣಿ, 1" ಅಂತ ಬರೆದುಕೊಂಡರು. ಅಷ್ಟರಿಂದ ಯಾರು ತಾನೇ ಏನು ಹುಡುಕಲು ಸಾಧ್ಯ?

ಎಷ್ಟೋ ಕಯಾಕುಗಳ ಮೇಲೆ ನಂಬರ್ ಇರುತ್ತದೆ. ಅಮೆರಿಕದ ನಿಯಮದ ಪ್ರಕಾರ ತಯಾರಾದವುಗಳ ಹಿಂಬದಿಯ ಬಲಗಡೆ 12 ಅಕ್ಷರ-ಅಂಕಿಗಳ ಗುರುತು ಇರುತ್ತದೆ. ಮೊದಲ ಮೂರು ತಯಾರಕರ ಗುರುತು, ಕೊನೆಯ ಎರಡು ಮಾಡೆಲ್ ವರ್ಷ. ಒಳ್ಳೆಯ ರೀಲುಗಳಲ್ಲೂ ಎಷ್ಟೋ ಸಲ ಸೀರಿಯಲ್ ನಂಬರ್ ಇರುತ್ತದೆ, ಫಿಶ್ ಫೈಂಡರಿನಲ್ಲಂತೂ ಇದ್ದೇ ಇರುತ್ತದೆ. ಕಳೆದುಕೊಳ್ಳುವ ತನಕ ಅದನ್ನು ಯಾರೂ ಓದುವುದಿಲ್ಲ, ಅಷ್ಟೇ. ವರ್ಷಕ್ಕೊಂದು ದಿನ ದಡದಲ್ಲೇ ಒಂದು ಮೇಜು ಹಾಕಿಸಿ. ನಂಬರ್ ಇದ್ದವರದ್ದು ಬರೆದುಕೊಳ್ಳಲಿ, ಇಲ್ಲದವರಿಗೆ ಒಂದು ನಂಬರ್ ಕೊಡಲಿ. ಕಯಾಕಿನ ಪ್ಲಾಸ್ಟಿಕ್ಕಿಗೆ ಸಾಮಾನ್ಯ ಸ್ಟಿಕ್ಕರ್ ಗಟ್ಟಿಯಾಗಿ ಅಂಟುವುದಿಲ್ಲ. ಕಾದ ಕಬ್ಬಿಣದ ಮೊನೆಯಿಂದ ಸೀಟಿನ ಅಡಿ ಮೆಲ್ಲಗೆ ಬರೆದರೆ ಉಳಿಯುತ್ತದೆ. ಹಳೆಯ ಸಾಮಾನು ಕೊಳ್ಳುವ ಅಂಗಡಿಯವರು ಆ ನಂಬರ್ ನೋಡಿಯೇ ಕೊಳ್ಳಬೇಕು ಅಂತಾದರೆ ಕದ್ದವನಿಗೆ ಮಾರುವುದು ಕಷ್ಟವಾಗುತ್ತದೆ.

ಇದು ಬರೀ ಹವ್ಯಾಸದವರ ಗೋಳು ಅಂದುಕೊಳ್ಳಬೇಡಿ. ನನ್ನದು ಹೋದರೆ ನನ್ನ ಭಾನುವಾರ ಹೋಯಿತು, ಅಷ್ಟೇ. ಅದೇ ದಡದಲ್ಲಿ ಬಲೆ ಒಣಗಿಸುವವರ ಬಲೆ ಹೋದರೆ ಮಾರನೇ ದಿನದ ದುಡಿಮೆಯೇ ಇಲ್ಲ. ಬಲೆಗೆ ಸೀರಿಯಲ್ ನಂಬರ್ ಎಲ್ಲಿಂದ ಬರಬೇಕು? ಹರಿದಲ್ಲಿ ತಾವೇ ಹಾಕಿದ ಗಂಟು ನೋಡಿ ಅವರು ತಮ್ಮ ಬಲೆ ಗುರುತಿಸುತ್ತಾರೆ. ಆ ಗುರುತಿಗೂ ದೂರಿನಲ್ಲಿ ಒಂದು ಸಾಲು ಜಾಗ ಸಿಗಬೇಕು ಅಲ್ವಾ?

ಹಣ ಎಲ್ಲಿಂದ ಅಂತ ನಿಮ್ಮ ಕಚೇರಿಯವರು ಕೇಳಬಹುದು. ಅವರಿಗೊಂದು ಮಾತು. ಕದ್ದವರು ಎಲ್ಲವನ್ನೂ ಮಾರುವುದಿಲ್ಲ. ಸುಮ್ನೆ ಒಂದು ಸುತ್ತು ಹೊಡೆದು ತೇಲಿಬಿಟ್ಟು ಹೋಗುವವರೂ ಇದ್ದಾರೆ. ಖಾಲಿ ಕಯಾಕ್ ತೇಲುವುದು ಕಂಡರೆ ಮನುಷ್ಯ ಮುಳುಗಿದ ಅಂತಲೇ ಲೆಕ್ಕ. ದೋಣಿ, ಜನ, ಸರ್ಚ್‌ಲೈಟ್ ಎಲ್ಲ ಇಳಿಯಬೇಕು. ಅಮೆರಿಕದ ಕೋಸ್ಟ್ ಗಾರ್ಡ್ ಇದಕ್ಕಾಗಿಯೇ ಕಯಾಕುಗಳಿಗೆ ಮಾಲೀಕರ ಹೆಸರು, ಫೋನ್ ನಂಬರ್ ಬರೆದು ಅಂಟಿಸುವ ಚೀಟಿ ಹಂಚುತ್ತದೆ. ಒಂದು ಫೋನ್ ಮಾಡಿದರೆ, ಮಾಲೀಕ ಮನೆಯಲ್ಲಿ ಕ್ಷೇಮವಾಗಿದ್ದಾನೆ ಅಂತ ಗೊತ್ತಾಗುತ್ತದೆ. ಒಂದು ರಾತ್ರಿ ಸುಳ್ಳೇ ಹುಡುಕುವ ಖರ್ಚಿಗಿಂತ ನನ್ನ ಕಂಬಿ ಜಾಸ್ತಿ ಆಗಲಾರದು.

ನಮ್ಮ ಪಾಲಿನದ್ದು ನಾವು ಮಾಡುತ್ತೇವೆ. ದಪ್ಪ ಸರಪಳಿ ತರುತ್ತೇವೆ, ಹುಟ್ಟು ಮತ್ತು ರಾಡ್ ಕೈಯಲ್ಲೇ ಹಿಡಿದು ದಿಣ್ಣೆ ಹತ್ತುತ್ತೇವೆ, ನಂಬರ್ ಬರೆದಿಟ್ಟುಕೊಳ್ಳುತ್ತೇವೆ.

ಒಮ್ಮೆ ಬಂದು ಜಾಗ ನೋಡಿ. ಆ ಕೇಬಲ್ ನಾನಿನ್ನೂ ಬಿಚ್ಚಿಲ್ಲ, ಹಿಡಿ ಅಲ್ಲೇ ನೇತಾಡುತ್ತಿದೆ. ಬೆಳಕಿರುವಾಗಲೇ ಬನ್ನಿ. ಸಂಜೆ ಆದ ಮೇಲೆ ಅಲ್ಲಿ ಮರವೂ ಕಾಣುವುದಿಲ್ಲ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ